1954ರಲ್ಲಿ ಅಮೆರಿಕದ ಕಾಮಿಕ್ಸ್ ನಿಷೇಧಿಸಿದ್ದು ಯಾರು? ಮೊಹರಿಲ್ಲ ಅಂದರೆ ‘ಪ್ರೀ-ಕೋಡ್’ ಅಂತಲೇ?

ಪುಟತಿರುವು:
ಎರಡು ಪ್ರಶ್ನೆ. 1954ರಲ್ಲಿ ಅಮೆರಿಕದ ಸೆನೆಟ್ ಭಯಾನಕ ಕಾಮಿಕ್ಸನ್ನು ನಿಷೇಧಿಸಿತು ಅಂತ ಎಲ್ಲ ಕಡೆ ಓದುತ್ತೇವೆ. ಆದರೆ ಆ ಕಾನೂನಿನ ಹೆಸರಾಗಲಿ ಸಂಖ್ಯೆಯಾಗಲಿ ಎಲ್ಲೂ ಸಿಗುವುದಿಲ್ಲ. ಹಾಗಾದರೆ ಇ.ಸಿ. ಕಾಮಿಕ್ಸಿನ ಭಯಾನಕ ಪತ್ರಿಕೆ ‘ಟೇಲ್ಸ್ ಫ್ರಮ್ ದ ಕ್ರಿಪ್ಟ್’ ನಿಂತಿದ್ದು ಹೇಗೆ? ಎರಡನೆಯದು: ಮಾರಾಟಕ್ಕಿರುವ ಒಂದು ಸಂಚಿಕೆಯ ಮೇಲೆ 1955 ಜನವರಿ ಅಂತಿದೆ, ಕಾಮಿಕ್ಸ್ ಕೋಡ್ ಮೊಹರಿಲ್ಲ. ಅದನ್ನು ‘ಪ್ರೀ-ಕೋಡ್’, ಅಂದರೆ ಕೋಡ್ ಬರುವ ಮುಂಚಿನದು, ಅನ್ನಬಹುದೇ?

ಹಳೆಸಂಚಿಕೆ:
ಕಾನೂನಿನ ಸಂಖ್ಯೆ ಸಿಗುತ್ತಿಲ್ಲ, ಯಾಕೆಂದರೆ ಅಂಥ ಕಾನೂನೇ ಬರಲಿಲ್ಲ. ಸೆನೆಟ್ಟಿನ ಬಾಲಾಪರಾಧ ಉಪಸಮಿತಿ 1954ರ ಏಪ್ರಿಲ್ 21, 22 ಮತ್ತು ಜೂನ್ 4ರಂದು ನ್ಯೂಯಾರ್ಕಿನಲ್ಲಿ ಕೂತು ಸಾಕ್ಷಿ ಕೇಳಿತು. ಆಮೇಲೆ ಬಂದ ವರದಿ ಹೊಸ ಕಾನೂನು ಕೇಳಲಿಲ್ಲ, ಪ್ರಕಾಶಕರೇ ತಮ್ಮ ಮನೆ ಸರಿಮಾಡಿಕೊಳ್ಳಲಿ ಅಂದಿತು.

ಆದರೂ ಮೊದಲ ದಿನದ ವಿಚಾರಣೆಯೇ ಆಟ ಮುಗಿಸಿತ್ತು. ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಎನ್ನುತ್ತಿದ್ದ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಸಾಕ್ಷಿ ಹೇಳಿದ ಮೇಲೆ ಇ.ಸಿ. ಕಾಮಿಕ್ಸಿನ ಪ್ರಕಾಶಕ ವಿಲಿಯಂ ಗೇನ್ಸ್ ಸಾಕ್ಷಿಗೆ ಕೂತರು. ಸೆನೆಟರ್ ಎಸ್ಟಿಸ್ ಕೀಫಾವರ್ ಕೈಯಲ್ಲಿ ‘ಕ್ರೈಮ್ ಸಸ್ಪೆನ್‌ಸ್ಟೋರೀಸ್’ 22ನೇ ಸಂಚಿಕೆ. ಜಾನಿ ಕ್ರೇಗ್ ಬರೆದ ಮುಖಪುಟ: ಗಂಡಸೊಬ್ಬನ ಒಂದು ಕೈಯಲ್ಲಿ ಕೊಡಲಿ, ಇನ್ನೊಂದರಲ್ಲಿ ಕೂದಲು ಹಿಡಿದೆತ್ತಿದ ಹೆಂಗಸಿನ ರುಂಡ. ಇದು ಸದಭಿರುಚಿಯೇ ಎಂದು ಕೇಳಿದರು. ಭಯಾನಕ ಕಾಮಿಕ್ಸಿನ ಮುಖಪುಟಕ್ಕೆ ಹೌದು ಎಂದರು ಗೇನ್ಸ್. ರುಂಡವನ್ನು ಇನ್ನಷ್ಟು ಮೇಲೆತ್ತಿ ರಕ್ತ ತೊಟ್ಟಿಕ್ಕುವುದನ್ನು ತೋರಿಸಿದ್ದರೆ ಅದು ಕೆಟ್ಟ ಅಭಿರುಚಿಯಾಗುತ್ತಿತ್ತು ಎಂದೂ ಸೇರಿಸಿದರು. ಮರುದಿನ ನ್ಯೂಯಾರ್ಕ್ ಟೈಮ್ಸ್‌ನ ಮೊದಲ ಪುಟದಲ್ಲೇ ಇದು ಬಂತು.

ಇನ್ನು ಕತ್ತು ಹಿಸುಕಿದ್ದು ವಿತರಣೆ. ಆಗ ಕಾಮಿಕ್ಸ್ ಸಾಗುತ್ತಿದ್ದ ದಾರಿ ಇದು: ಮುದ್ರಣಾಲಯ, ರಾಷ್ಟ್ರೀಯ ವಿತರಕ, ಊರಿನ ಸಗಟು ಏಜೆಂಟ್, ಅಂಗಡಿ. ಬೆಲೆ 10 ಸೆಂಟ್, ಮಾರದೆ ಉಳಿದದ್ದೆಲ್ಲ ಪ್ರಕಾಶಕನಿಗೇ ವಾಪಸ್. ಅಂದರೆ ಏಜೆಂಟು ಕಟ್ಟು ಬಿಚ್ಚದೆ ಹಿಂದಕ್ಕೆ ಕಳಿಸಿದರೆ ಕಾಗದ, ಅಚ್ಚು, ಸಾಗಣೆ ಎಲ್ಲದರ ಖರ್ಚೂ ಪ್ರಕಾಶಕನ ತಲೆ ಮೇಲೆ. ಸೆಪ್ಟೆಂಬರಿನಲ್ಲಿ ಪ್ರಕಾಶಕರ ಹೊಸ ಸಂಘ ಹುಟ್ಟಿತು, ಅಕ್ಟೋಬರ್ 26ಕ್ಕೆ ಸಂಹಿತೆ, ಅಂದರೆ ಕಾಮಿಕ್ಸ್ ಕೋಡ್, ಅಂಗೀಕಾರವಾಯಿತು. ಅದನ್ನು ನೋಡಿಕೊಳ್ಳಲು ನ್ಯಾಯಾಧೀಶರಾಗಿದ್ದ ಚಾರ್ಲ್ಸ್ ಮರ್ಫಿಯವರನ್ನು ಕೂರಿಸಿದರು. ಸಂಹಿತೆಗೆ ಒಪ್ಪಿದ ಸಂಚಿಕೆಯ ಮುಖಪುಟಕ್ಕೆ ಮೊಹರು ಸಿಗುತ್ತಿತ್ತು; ಮೊಹರಿಲ್ಲದ ಕಟ್ಟನ್ನು ಹೆಚ್ಚಿನ ಏಜೆಂಟರು ಮುಟ್ಟುತ್ತಿರಲಿಲ್ಲ. ಕಾನೂನಿಗಿಂತ ಬಿಗಿಯಾದ ಕುಣಿಕೆ ಅದು, ಯಾಕೆಂದರೆ ಅದರ ವಿರುದ್ಧ ಕೋರ್ಟಿಗೆ ಹೋಗುವ ದಾರಿಯೇ ಇರಲಿಲ್ಲ.

ನಿಯಮಗಳನ್ನು ಓದಿದರೆ ಗುರಿ ಯಾರೆಂದು ತಿಳಿಯುತ್ತದೆ. ಶೀರ್ಷಿಕೆಯಲ್ಲಿ ‘ಹಾರರ್’, ‘ಟೆರರ್’ ಪದ ಕೂಡದು. ‘ಕ್ರೈಮ್’ ಪದ ಒಂಟಿಯಾಗಿ ಬರಬಾರದು, ಪಕ್ಕದ ಪದಗಳಿಗಿಂತ ಎದ್ದು ಕಾಣುವಷ್ಟು ದೊಡ್ಡದಿರಬಾರದು. ನಡೆದಾಡುವ ಹೆಣ, ರಕ್ತಪಿಶಾಚಿ, ತೋಳಮಾನವ ಬೇಡ. ಪೊಲೀಸರು, ನ್ಯಾಯಾಧೀಶರ ಮೇಲೆ ಗೌರವ ತಗ್ಗುವಂತೆ ಚಿತ್ರಿಸಬಾರದು. ಇ.ಸಿ.ಯ ಪತ್ರಿಕೆಗಳ ಹೆಸರುಗಳನ್ನು ಎದುರಿಗಿಟ್ಟುಕೊಂಡೇ ಬರೆದಂತಿದೆ. ನೋವಿನ ಸಂಗತಿ ಏನೆಂದರೆ, ಪ್ರಕಾಶಕರನ್ನು ಮೊದಲು ಒಟ್ಟುಗೂಡಿಸಲು ಓಡಾಡಿದವರು ಗೇನ್ಸ್ ಅವರೇ. ಸೆನ್ಸಾರ್ ಎದುರಿಸಲು ಕರೆದ ಕೂಟ ಸೆನ್ಸಾರನ್ನೇ ಕಟ್ಟಿತು. ‘ಕ್ರಿಪ್ಟ್’ 46ನೇ ಸಂಚಿಕೆಗೆ ನಿಂತಿತು.

ಮಸಿಕುಂಚ:
ಎರಡನೇ ಪ್ರಶ್ನೆಗೆ ಬರುತ್ತೇನೆ. ಮುಖಪುಟದ ತಿಂಗಳು ಮಾರಾಟದ ತಿಂಗಳಲ್ಲ. ಸಂಚಿಕೆ ಹಳತಾಗಿ ಕಾಣದಿರಲೆಂದು ಎರಡು ಮೂರು ತಿಂಗಳು ಮುಂದಿನ ತಾರೀಕು ಹಾಕುತ್ತಿದ್ದರು. 1955 ಜನವರಿ ಎಂದಿದ್ದರೆ ಅಂಗಡಿಗೆ ಬಂದದ್ದು 1954ರ ಅಕ್ಟೋಬರ್-ನವೆಂಬರ್ ಹೊತ್ತಿಗೆ. ಮೊಹರು ಕಾಣಿಸಿಕೊಳ್ಳುವುದು 1955ರ ಮೊದಲ ತಿಂಗಳುಗಳ ತಾರೀಕು ಹೊತ್ತ ಸಂಚಿಕೆಗಳಿಂದ. ಹಾಗಾಗಿ ನಿಮ್ಮದು ಪ್ರೀ-ಕೋಡ್ ಆಗಿರಬಹುದು. ಆದರೆ ದುಡ್ಡು ಕೊಡುವ ಮುಂಚೆ ಇಷ್ಟು ನೋಡಿ.

ಮೊದಲು ಪ್ರಕಾಶಕ ಯಾರೆಂದು ನೋಡಿ. ಡೆಲ್ ಸಂಘಕ್ಕೆ ಸೇರಲೇ ಇಲ್ಲ. ‘ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್’ ತರುತ್ತಿದ್ದ ಗಿಲ್ಬರ್ಟನ್ ಕೂಡ ಸೇರಲಿಲ್ಲ. ಇವರ 1958ರ ಸಂಚಿಕೆಯಲ್ಲೂ ಮೊಹರಿರುವುದಿಲ್ಲ. ಡೆಲ್ ಸಂಚಿಕೆಗೆ ‘ಪ್ರೀ-ಕೋಡ್’ ಅಂತ ಹೆಚ್ಚು ಬೆಲೆ ಹೇಳಿದರೆ ಅಲ್ಲೇ ಬಿಡಿ.

ಆಮೇಲೆ ಮುಖಪುಟದ ಮೇಲಂಚು. ಮೊಹರು ಅಂಚೆಚೀಟಿಯ ಹಾಗೆ ಹಲ್ಲುಹಲ್ಲು ಅಂಚಿನದು, ಒಳಗೆ ದೊಡ್ಡ ‘ಎ’ ಅಕ್ಷರ, ಸಾಮಾನ್ಯವಾಗಿ ಬಲ ಮೂಲೆಯಲ್ಲಿ. ಮಾರದ ಪ್ರತಿಗೆ ದುಡ್ಡು ವಾಪಸ್ ಪಡೆಯಲು ಅಂಗಡಿಯವರು ಶೀರ್ಷಿಕೆಯಿರುವ ಪಟ್ಟಿಯನ್ನು ಮಾತ್ರ ಕತ್ತರಿಸಿ ಕಳಿಸುತ್ತಿದ್ದರು. ಉಳಿದ ಪುಸ್ತಕ ಅಗ್ಗಕ್ಕೆ ಹಿಂಬಾಗಿಲಿನಿಂದ ಹೋಗುತ್ತಿತ್ತು. ಮೇಲ್ಭಾಗ ಕತ್ತರಿಸಿದ ಪ್ರತಿಯಲ್ಲಿ ಮೊಹರು ಕಾಣದಿರುವುದು ಯಾವುದಕ್ಕೂ ಸಾಕ್ಷಿಯಲ್ಲ. ಅಂಥದ್ದರಲ್ಲಿ ಮುಖಪುಟದ ಒಳಬದಿಯಲ್ಲೋ ಮೊದಲ ಪುಟದ ಬುಡದಲ್ಲೋ ಇರುವ ಸಣ್ಣಕ್ಷರದ ಪ್ರಕಾಶನ ವಿವರವನ್ನೇ ನಂಬಬೇಕು.

ಹಾಳೆ ಎಣಿಸಿ. ಆ ಕಾಲದ ಸಾಮಾನ್ಯ ಸಂಚಿಕೆಯಲ್ಲಿ ಮುಖಪುಟ ಬಿಟ್ಟು 32 ಪುಟ, ಅಂದರೆ 16 ಹಾಳೆ. ಹೆಚ್ಚಾಗಿ ಕಳೆದುಹೋಗುವುದು ನಡುಹಾಳೆ. ಸ್ಟೇಪಲ್ ತುಕ್ಕು ಹಿಡಿದಾಗ ಅದೇ ಮೊದಲು ಕಳಚುತ್ತದೆ. ಕಳಚಿದ್ದನ್ನು ಸೆಲೋಟೇಪಿನಿಂದ ಅಂಟಿಸಲೇಬೇಡಿ; ಅಂಟು ಕಾಗದಕ್ಕೆ ಇಳಿದು ಕಂದು ಕಲೆಯಾಗುತ್ತದೆ, ಮತ್ತೆ ಹೋಗುವುದಿಲ್ಲ. ಪಿವಿಸಿ ಚೀಲವೂ ಬೇಡ. ಮೈಲಾರ್ (ಪಾಲಿಯೆಸ್ಟರ್ ಹಾಳೆಯ) ಚೀಲ, ಹಿಂದೆ ಆಮ್ಲರಹಿತ ರಟ್ಟು.

ಪುಟತಿರುವು:
ತುಂಬ ಉಪಯೋಗವಾಯಿತು. ಸಂಹಿತೆಯಿಂದ ತಪ್ಪಿಸಿಕೊಳ್ಳಲೆಂದೇ ಇ.ಸಿ.ಯ ಹಾಸ್ಯದ ಕಾಮಿಕ್ ‘ಮ್ಯಾಡ್’ ಮ್ಯಾಗಜೀನ್ ಆಯಿತು ಎನ್ನುವುದಾದರೂ ನಿಜವೇ?

ಬಿಂದುಬಣ್ಣ:
ಅದು ಫಲ, ಕಾರಣವಲ್ಲ. ಸಂಪಾದಕ ಹಾರ್ವಿ ಕರ್ಟ್ಸ್‌ಮನ್‌ಗೆ ಬೇರೆ ಪತ್ರಿಕೆಯಿಂದ ಕರೆ ಬಂದಿತ್ತು. ಅವರನ್ನು ಉಳಿಸಿಕೊಳ್ಳಲು ಗೇನ್ಸ್ ದೊಡ್ಡ ಆಕಾರದ ಮ್ಯಾಗಜೀನಿಗೆ ಒಪ್ಪಿದರು. 1955 ಜುಲೈನ 24ನೇ ಸಂಚಿಕೆಯಿಂದ ಅದು 25 ಸೆಂಟಿನ ಪತ್ರಿಕೆ. ಮ್ಯಾಗಜೀನುಗಳು ಸಂಹಿತೆಯ ವ್ಯಾಪ್ತಿಗೆ ಬರುತ್ತಿರಲಿಲ್ಲ, ಹಾಗಾಗಿ ಬದುಕಿತು. 1964ರಲ್ಲಿ ‘ಕ್ರೀಪಿ’ ಕಪ್ಪು-ಬಿಳುಪು ಭಯಾನಕ ಕಥೆಗಳನ್ನು ತಂದದ್ದೂ ಇದೇ ಬಾಗಿಲಿನಿಂದ. ಮೊಹರಿಲ್ಲದ ಪಟ್ಟಿಗೆ ಇವನ್ನೂ ಸೇರಿಸಿಕೊಳ್ಳಿ.

ಸಂಹಿತೆಯ ಕಚೇರಿ ಹೇಗೆ ಕೆಲಸ ಮಾಡುತ್ತಿತ್ತು ಎಂದು ತಿಳಿಯಲು ‘ಜಡ್ಜ್‌ಮೆಂಟ್ ಡೇ’ ಒಂದೇ ಸಾಕು. ಜೋ ಆರ್ಲ್ಯಾಂಡೊ ಚಿತ್ರಿಸಿದ ಈ ಕಥೆ ಮೊದಲು ಬಂದದ್ದು 1953ರಲ್ಲಿ. ಕಿತ್ತಳೆ ಬಣ್ಣದ ರೋಬೋಗಳು ನೀಲಿ ರೋಬೋಗಳನ್ನು ಕೀಳಾಗಿ ಕಾಣುವ ಗ್ರಹಕ್ಕೆ ಭೂಮಿಯಿಂದ ಪರೀಕ್ಷಕ ಬರುತ್ತಾನೆ. ನಮ್ಮ ಗಣರಾಜ್ಯಕ್ಕೆ ಸೇರಲು ನಿಮಗಿನ್ನೂ ಅರ್ಹತೆಯಿಲ್ಲ ಎಂದು ಹೇಳಿ ಹೊರಡುತ್ತಾನೆ. ಕೊನೆಯ ಚೌಕದಲ್ಲಿ ಶಿರಸ್ತ್ರಾಣ ತೆಗೆದಾಗ ಅವನು ಕಪ್ಪು ಮನುಷ್ಯ, ಮುಖದ ಮೇಲೆ ಬೆವರ ಹನಿ ಹೊಳೆಯುತ್ತಿದೆ. ‘ಇನ್‌ಕ್ರೆಡಿಬಲ್ ಸೈನ್ಸ್ ಫಿಕ್ಷನ್’ 33ಕ್ಕೆ, ತಿರಸ್ಕೃತವಾದ ಬೇರೊಂದು ಕಥೆಯ ಬದಲಿಗೆ ಇದನ್ನು ಕೊಟ್ಟಾಗ, ಅವನು ಕಪ್ಪಗಿರಬಾರದು ಎಂದಿತು ಕಚೇರಿ. ಕಥೆಯ ಜೀವವೇ ಅದು. ಪತ್ರಿಕೆಗಳಿಗೆ ಹೇಳುತ್ತೇನೆಂದು ಗೇನ್ಸ್ ಪಟ್ಟು ಹಿಡಿದ ಮೇಲೆ, ಬೆವರಾದರೂ ತೆಗೆಯಿರಿ ಎಂದರು. ಗೇನ್ಸ್ ಬೆವರನ್ನೂ ತೆಗೆಯಲಿಲ್ಲ. ಇ.ಸಿ.ಯ ಕೊನೆಯ ಬಣ್ಣದ ಕಾಮಿಕ್ ಪುಸ್ತಕ ಅದೇ.

ವರ್ಥಮ್ ಬಗ್ಗೆಯೂ ಒಂದು ಮಾತು. ಅವರು ಕೇಳಿದ್ದು ಮಕ್ಕಳಿಗೆ ಅಪರಾಧದ ಕಾಮಿಕ್ಸ್ ಮಾರದಂಥ ಕಾನೂನು. ಈ ಸಂಹಿತೆಯನ್ನು ಅವರೂ ಒಪ್ಪಲಿಲ್ಲ. ಆದರೆ ಕಾಮಿಕ್ಸಿನ ವಿರುದ್ಧ ಅವರು ಬರೆದ ಪುಸ್ತಕದ ಪುರಾವೆ ಕುಸಿದಿದೆ: ಗ್ರಂಥಾಲಯ ವಿಜ್ಞಾನಿ ಕ್ಯಾರಲ್ ಟಿಲ್ಲಿ, ವರ್ಥಮ್ ಇಟ್ಟಿದ್ದ ಕಡತಗಳನ್ನೇ ಪುಸ್ತಕದೊಂದಿಗೆ ಹೋಲಿಸಿ, ಮಕ್ಕಳ ಮಾತುಗಳನ್ನು ತಿರುಚಿದ್ದನ್ನು 2012ರಲ್ಲಿ ತೋರಿಸಿದರು.

ಹಳೆಸಂಚಿಕೆ:
ಕಾನೂನು ಹುಡುಕುತ್ತಿದ್ದವರಿಗೆ ಇದನ್ನೂ ಹೇಳಬೇಕಿತ್ತು. ಅಮೆರಿಕದ ಸೆನೆಟ್ ಮಾಡದ್ದನ್ನು ಬ್ರಿಟನ್ 1955ರಲ್ಲಿ ಮಾಡಿತು, ಅದರ ಬೆನ್ನಿಗೇ ಭಾರತವೂ: ಯಂಗ್ ಪರ್ಸನ್ಸ್ (ಹಾರ್ಮ್‌ಫುಲ್ ಪಬ್ಲಿಕೇಷನ್ಸ್) ಆ್ಯಕ್ಟ್, 1956. ಚಿತ್ರಗಳ ಮೂಲಕ ಹೇಳಿದ ಕಥೆಗಳು ಎಂದೇ ಅದರ ವ್ಯಾಖ್ಯೆಯಲ್ಲಿದೆ. 20 ವರ್ಷದೊಳಗಿನವರನ್ನು ಕೆಡಿಸಬಹುದಾದ ಅಪರಾಧ, ಕ್ರೌರ್ಯ, ಬೀಭತ್ಸದ ಚಿತ್ರಣ ಮಾರಿದರೆ ಆರು ತಿಂಗಳವರೆಗೆ ಜೈಲು.

ಸಂಹಿತೆ ಮೊದಲು ಸಡಿಲಾದದ್ದು 1971ರಲ್ಲಿ, ‘ಅಮೇಜಿಂಗ್ ಸ್ಪೈಡರ್-ಮ್ಯಾನ್’ 96ರಿಂದ 98 ಮೊಹರಿಲ್ಲದೆ ಬಂದ ವರ್ಷ. ಆ ಮೂರನ್ನು ಯಾರಾದರೂ ‘ಪ್ರೀ-ಕೋಡ್’ ಎಂದು ಮಾರಲು ಬಂದರೆ ಬೆಲೆಯ ಜಾಗ ನೋಡಿ, 15 ಸೆಂಟ್ ಇರುತ್ತದೆ.