ಬೊಲ್ಬೇರ್: ಧಾತು ಬದಲಾಗೋದು ಎಲ್ಲಿ, ಅರ್ಥ ಬದಲಾಗೋದು ಎಲ್ಲಿ?

ಹೊಸಪಾಠ:
ಸ್ಪ್ಯಾನಿಷ್‌ನ ಬೊಲ್ಬೇರ್ (ಸ್ಪೆಲಿಂಗ್: ವಿ-ಓ-ಎಲ್-ವಿ-ಇ-ಆರ್, ಅರ್ಥ: ವಾಪಸು ಬರು) ಕ್ರಿಯಾಪದದ ಬಗ್ಗೆ ಮೂರು ಸಂದೇಹ.

ಒಂದು, 'ನಾನು' ಬಂದಾಗ ಬ್ವೇಲ್ಬೊ, 'ಅವನು' ಬಂದಾಗ ಬ್ವೇಲ್ಬೆ. ಹಾಗಿದ್ದ ಮೇಲೆ 'ನಾವು' ಬಂದಾಗ ಮಾತ್ರ ಬೊಲ್ಬೇಮೊಸ್ ಯಾಕೆ? ಪಠ್ಯಪುಸ್ತಕದ ಬೂಟಿನ ಆಕಾರದ ಕೋಷ್ಟಕ (ಬದಲಾಗೋ ರೂಪಗಳ ಸುತ್ತ ಗೆರೆ ಎಳೆದರೆ ಬೂಟಿನ ಹಾಗೆ ಕಾಣುತ್ತೆ) ಬಾಯಿಪಾಠ ಆಗಿದೆ, ಆದರೆ ಭೂತಕಾಲಕ್ಕೆ ಬಂದರೆ ಅದು ಕೈಕೊಡುತ್ತೆ. ಎರಡು, ಬೊಲ್ಬ್ಯೋ ಅ ಯೊಬೇರ್ ಅಂದರೆ 'ಮತ್ತೆ ಮಳೆ ಬಂತು' ಅಂತೆ. 'ವಾಪಸು ಬರು' ಅನ್ನೋ ಅರ್ಥ ಅಲ್ಲಿ ಎಲ್ಲಿ ಹೋಯ್ತು? ಮೂರು, 'ಪುಸ್ತಕ ವಾಪಸು ಕೊಟ್ಟ' ಅನ್ನೋಕೂ ಇದೇ ಕ್ರಿಯಾಪದ ನಡೆಯುತ್ತಾ?

ಸ್ವರಭಾರ:
ಬೂಟಿನ ಚಿತ್ರ ಬಿಟ್ಟುಬಿಡಿ. ಎಲ್ಲಿ ಬದಲಾಗುತ್ತೆ ಅಂತ ಅದು ತೋರಿಸುತ್ತೆ, ಯಾಕೆ ಅಂತ ಹೇಳಲ್ಲ. ಅದಕ್ಕೇ ವರ್ತಮಾನ ಕಾಲ ದಾಟಿದ ಕೂಡಲೇ ಕೆಲಸಕ್ಕೆ ಬರಲ್ಲ. ಹಿಡಿಯಬೇಕಾದ್ದು ಒತ್ತನ್ನು, ಅಂದರೆ ಪದದ ಯಾವ ಭಾಗವನ್ನು ಜೋರಾಗಿ ಉಚ್ಚರಿಸ್ತೀವಿ ಅನ್ನೋದನ್ನ.

ನೀವು ಬರೆದಿರೋ ರೂಪಗಳನ್ನೇ ನೋಡಿ, ಒತ್ತು ಬೀಳುವ ಕಡೆ ದೀರ್ಘ ಹಾಕಿದ್ದೀರಿ. ನಾನೂ ಹಾಗೇ ಬರೀತೀನಿ. (ಸ್ಪ್ಯಾನಿಷ್‌ನಲ್ಲಿ ಹ್ರಸ್ವ-ದೀರ್ಘದಿಂದ ಅರ್ಥ ಬದಲಾಗಲ್ಲ, ಒತ್ತಿನಿಂದ ಬದಲಾಗುತ್ತೆ. ಹಾಗಾಗಿ ಇಲ್ಲಿ ದೀರ್ಘ ಅಂದರೆ ಒತ್ತಿನ ಗುರುತು ಅಷ್ಟೇ.) ವರ್ತಮಾನ ಕಾಲ:

ನಾನು: ಬ್ವೇಲ್ಬೊ
ನೀನು: ಬ್ವೇಲ್ಬೆಸ್
ಅವನು/ಅವಳು/ತಾವು: ಬ್ವೇಲ್ಬೆ
ನಾವು: ಬೊಲ್ಬೇಮೊಸ್
ನೀವೆಲ್ಲ (ಸ್ಪೇನ್‌ನಲ್ಲಿ): ಬೊಲ್ಬೇಯ್ಸ್
ಅವರು: ಬ್ವೇಲ್ಬೆನ್

ಒತ್ತು ಧಾತುವಿನ ಮೇಲೆ ಬಿದ್ದರೆ 'ಒ' ಹೋಗಿ 'ವೇ' ಬರುತ್ತೆ. ಒತ್ತು ಪ್ರತ್ಯಯಕ್ಕೆ ಜಾರಿದರೆ 'ಒ' ಹಾಗೇ ಉಳಿಯುತ್ತೆ. ಇದು ಕ್ರಿಯಾಪದಗಳಿಗೆ ಮಾತ್ರ ಇರೋ ಚಾಳಿ ಅಲ್ಲ. ಲ್ಯಾಟಿನ್‌ನ ಹ್ರಸ್ವ ಒಕಾರ ಒತ್ತು ಬಿದ್ದ ಕಡೆ ಸ್ಪ್ಯಾನಿಷ್‌ನಲ್ಲಿ ಒಡೆದು ಎರಡು ಸ್ವರವಾಯಿತು, ಒತ್ತಿಲ್ಲದ ಕಡೆ ಒಡೆಯಲಿಲ್ಲ. 9 ಅಂದರೆ ನ್ವೇಬೆ, 90 ಅಂದರೆ ನೊಬೇಂತ. ಬಾಗಿಲು ಪ್ವೇರ್ತ, ಬಾಗಿಲು ಕಾಯುವವನು ಪೊರ್ತೇರೊ. ಎಕಾರದ ಕಥೆಯೂ ಹೀಗೇ: 7 ಸ್ಯೇತೆ, 70 ಸೆತೇಂತ.

ಈಗ ಭೂತಕಾಲ. ಮುಗಿದ ಕ್ರಿಯೆಗೆ ಬೊಲ್ಬೀ, ಬೊಲ್ಬೀಸ್ತೆ, ಬೊಲ್ಬ್ಯೋ, ಬೊಲ್ಬೀಮೊಸ್, ಬೊಲ್ಬೀಸ್ತೆಯ್ಸ್, ಬೊಲ್ಬ್ಯೇರೊನ್. ಆರರಲ್ಲೂ ಒತ್ತು ಪ್ರತ್ಯಯದ ಮೇಲೆ, ಆದ್ದರಿಂದ ಆರರಲ್ಲೂ 'ಒ'. 'ಬ್ವೆಲ್ಬ್ಯೋ' ಅನ್ನೋ ರೂಪವೇ ಇಲ್ಲ. ಕಲಿಯೋರು ಬಹಳ ಸಲ ಮಾಡೋ ತಪ್ಪು ಇದು, ಯಾಕಂದರೆ ಅಷ್ಟರಲ್ಲಿ ಬ್ವೇಲ್ಬೆ ನಾಲಿಗೆ ಮೇಲೆ ಕೂತಿರುತ್ತೆ. ಭವಿಷ್ಯದ ಬೊಲ್ಬೆರೇ, ರೂಢಿಯ ಭೂತಕಾಲದ ಬೊಲ್ಬೀಯ, 'ಬರುತ್ತಾ' ಅನ್ನೋ ಬೊಲ್ಬ್ಯೇಂದೊ, ಇವೂ ಹಾಗೇ.

ಸಬ್‌ಜಂಕ್ಟಿವ್‌ನಲ್ಲಿ (ಆಸೆ, ಸಂದೇಹ, 'ಬೇಡ' ಇಂಥವನ್ನು ಹೇಳೋ ರೂಪದಲ್ಲಿ) ಬ್ವೇಲ್ಬ, ಬ್ವೇಲ್ಬಸ್, ಬ್ವೇಲ್ಬ, ಬೊಲ್ಬಾಮೊಸ್, ಬೊಲ್ಬಾಯ್ಸ್, ಬ್ವೇಲ್ಬನ್. ಹೊಸದಾಗಿ ಕಲಿಯೋದು ಏನೂ ಇಲ್ಲ.

ಅರ್ಜೆಂಟೀನಾ, ಉರುಗ್ವೆ ಕಡೆ 'ನೀನು' ಅನ್ನೋಕೆ ತೂ ಬದಲು ಬೋಸ್ ಬಳಸ್ತಾರೆ. ಅದರ ರೂಪ ಬೊಲ್ಬೇಸ್. ಒತ್ತು ಕೊನೆಗೆ ಹೋಯ್ತು, ಬದಲಾವಣೆಯೂ ಹೋಯ್ತು. ಬೂಟಿನ ಚಿತ್ರದಲ್ಲಿ ಇದಕ್ಕೆ ಜಾಗವೇ ಇಲ್ಲ.

ಪದಬಿಡಿಸು:
ಮೇಲಿನದಕ್ಕೆ ಒಂದು ಎಚ್ಚರಿಕೆ ಸೇರಿಸ್ತೀನಿ. ಒತ್ತಿನ ನಿಯಮ ಹೇಳೋದು ಬದಲಾಗುವ ಕ್ರಿಯಾಪದ ಎಲ್ಲಿ ಬದಲಾಗುತ್ತೆ ಅನ್ನೋದನ್ನ. ಯಾವುದು ಬದಲಾಗುತ್ತೆ ಅಂತ ಅದು ಹೇಳಲ್ಲ. ಕೊಮೇರ್ (ತಿನ್ನು) ಕೋಮೊ ಆಗುತ್ತೆ, ಕೊರ್ರೇರ್ (ಓಡು) ಕೋರ್ರೊ ಆಗುತ್ತೆ. ಎರಡೂ ಬದಲಾಗಲ್ಲ. ಸಂಬಂಧಪಟ್ಟ ನಾಮಪದ ಗೊತ್ತಿದ್ದರೆ ಬಹಳ ಸಲ ಸುಳಿವು ಸಿಗುತ್ತೆ: ಬೊಲ್ಬೇರ್‌ಗೆ ಬ್ವೇಲ್ತ (ಸುತ್ತು, ಹಿಂತಿರುಗುವಿಕೆ), ಕೊಂತಾರ್‌ಗೆ ಕ್ವೇಂತ (ಲೆಕ್ಕ), ಪ್ರೊಬಾರ್‌ಗೆ ಪ್ರ್ವೇಬ (ಪರೀಕ್ಷೆ). ನಾಮಪದದಲ್ಲಿ 'ವೇ' ಕಂಡರೆ ಕ್ರಿಯಾಪದವನ್ನು ಅನುಮಾನದಿಂದ ನೋಡಿ.

ಮತ್ತೆ, ಬೊಲ್ಬೇರ್‌ನ ನಿಯಮವನ್ನು ಕಣ್ಣುಮುಚ್ಚಿ ದೊರ್ಮೀರ್‌ಗೆ (ನಿದ್ದೆ ಮಾಡು) ಹಚ್ಚಬೇಡಿ. 'ಈರ್' ಕೊನೆಯವುಗಳಲ್ಲಿ ಇನ್ನೊಂದು ಪದರ ಇದೆ. ಒತ್ತಿಲ್ಲದ ಕಡೆಯೂ ಕೆಲವು ಪ್ರತ್ಯಯಗಳ ಮುಂದೆ 'ಒ' ಹೋಗಿ 'ಉ' ಬರುತ್ತೆ: ದುರ್ಮ್ಯೋ, ದುರ್ಮ್ಯೇರೊನ್, ದುರ್ಮ್ಯೇಂದೊ, ದುರ್ಮಾಮೊಸ್. ಆದರೆ ದೊರ್ಮೀ, ದೊರ್ಮೀಮೊಸ್ ಹಾಗೇ ಇರ್ತವೆ. 'ಆರ್', 'ಏರ್' ಗುಂಪಿನವುಗಳಲ್ಲಿ ಸಾಮಾನ್ಯವಾಗಿ ಈ ತಲೆನೋವಿಲ್ಲ.

ಬೊಲ್ಬೇರ್‌ನಲ್ಲಿ ನಿಜವಾಗಿ ಬಾಯಿಪಾಠ ಮಾಡಬೇಕಾದ್ದು ಒಂದೇ, ಕೃದಂತ: ಬ್ವೇಲ್ತೊ. 'ವಾಪಸು ಬಂದಿದ್ದಾನೆ' ಅನ್ನೋಕೆ 'ಆ ಬ್ವೇಲ್ತೊ' (ಈ 'ಆ' ಕೂಡ ಸ್ಪ್ಯಾನಿಷ್ ಪದವೇ). 'ಬೊಲ್ಬೀದೊ' ತಪ್ಪು. ದೆಬೊಲ್ಬೇರ್ (ವಾಪಸು ಕೊಡು), ಎಂಬೊಲ್ಬೇರ್ (ಸುತ್ತಿ ಕಟ್ಟು), ರೆಬೊಲ್ಬೇರ್ (ಕಲಕು), ಇವೆಲ್ಲ ಅದೇ ಅಚ್ಚು: ದೆಬ್ವೇಲ್ತೊ, ಎಂಬ್ವೇಲ್ತೊ, ರೆಬ್ವೇಲ್ತೊ. ರೆಸೊಲ್ಬೇರ್‌ನ (ಬಗೆಹರಿಸು) ರೆಸ್ವೇಲ್ತೊ ಕೂಡ ಇದೇ ಸಾಲಿಗೆ ಬರುತ್ತೆ.

ಬಾಯಲ್ಲಿ ಅಭ್ಯಾಸ ಮಾಡೋಕೆ ಇಡೀ ಕೋಷ್ಟಕ ಬೇಡ, ಐದೇ ರೂಪ ಸಾಕು: ಬ್ವೇಲ್ಬೊ, ಬೊಲ್ಬೇಮೊಸ್, ಬೊಲ್ಬೀ, ಬ್ವೇಲ್ತೊ, ಬ್ವೇಲ್ಬ. ಗಟ್ಟಿಯಾಗಿ, ಒತ್ತಿನ ಅಕ್ಷರಕ್ಕೆ ಮೇಜು ತಟ್ಟುತ್ತಾ ಹೇಳಿ. ಕಣ್ಣಲ್ಲಿ ಓದಿಕೊಂಡರೆ ಒತ್ತು ಕೇಳಿಸಲ್ಲ, ಮತ್ತೆ ಬೂಟಿನ ಚಿತ್ರಕ್ಕೇ ಬೀಳ್ತೀರಿ.

ನುಡಿಜಾಡು:
ಅರ್ಥದ ಪ್ರಶ್ನೆಗಳು ಬಾಕಿ ಇವೆ. ಬೊಲ್ಬೇರ್ ಮುಂದೆ 'ಅ', ಅದರ ಮುಂದೆ ಜಾಗ ಅಥವಾ ಸಮಯ ಬಂದರೆ ವಾಪಸು ಬರುವುದು, ಹೋಗುವುದು. ಬ್ವೇಲ್ಬೊ ಅ ಲಸ್ ಓಚೊ, 'ಎಂಟಕ್ಕೆ ವಾಪಸು ಬರ್ತೀನಿ'. 'ಅ' ಮುಂದೆ ಮೂಲರೂಪದ ಕ್ರಿಯಾಪದ ಬಂದರೆ ಸಾಮಾನ್ಯವಾಗಿ 'ಮತ್ತೆ'. ನಿಮ್ಮ ಮಳೆಯ ವಾಕ್ಯ ಅದೇ. ನೋ ಲೊ ಬ್ವೇಲ್ಬೊ ಅ ಅಸೇರ್, 'ಇನ್ನೊಂದು ಸಲ ಹೀಗೆ ಮಾಡಲ್ಲ'. ಇಲ್ಲಿ ಕಾಲ, ಪುರುಷ ಎಲ್ಲ ಬೊಲ್ಬೇರ್ ಹೊತ್ತುಕೊಳ್ಳುತ್ತೆ, ಎರಡನೇ ಕ್ರಿಯಾಪದ ಅಲುಗಾಡಲ್ಲ. ನಡುವಿನ 'ಅ' ಬಿಟ್ಟರೆ ವಾಕ್ಯ ಕೆಡುತ್ತೆ.

ತೊಡಕಾಗೋದು ಬೊಲ್ಬ್ಯೋ ಅ ಕೊಮೇರ್ ಥರದ ಕಡೆ. 'ಮತ್ತೆ ತಿಂದ' ಅಂತಲೂ ಆಗಬಹುದು, 'ತಿನ್ನಲು ವಾಪಸು ಬಂದ' ಅಂತಲೂ ಆಗಬಹುದು. ಉದ್ದೇಶ ಹೇಳಬೇಕಿದ್ದರೆ 'ಅ' ಬದಲು ಪಾರ ಹಾಕಿ: ಬೊಲ್ಬ್ಯೋ ಪಾರ ಕೊಮೇರ್.

ಪುಸ್ತಕಕ್ಕೆ ಬೊಲ್ಬೇರ್ ನಡೆಯಲ್ಲ. ಕನ್ನಡದಲ್ಲಿ ಹಿಂದಿರುಗು ಬೇರೆ, ಹಿಂದಿರುಗಿಸು ಬೇರೆ ಅಲ್ವಾ? ವಸ್ತು ವಾಪಸು ಕೊಡೋದು ದೆಬೊಲ್ಬೇರ್: ಮೆ ದೆಬೊಲ್ಬ್ಯೋ ಎಲ್ ಲೀಬ್ರೊ, 'ನನ್ನ ಪುಸ್ತಕ ವಾಪಸು ಕೊಟ್ಟ'.

'ಸೆ' ಸೇರಿದ ಬೊಲ್ಬೇರ್ಸೆಗೆ ಎರಡು ಮುಖ. ಒಂದು, ಮೈ ತಿರುಗಿಸು. ಇನ್ನೊಂದು, ಗುಣ-ಸ್ವಭಾವ ಬದಲಾಗು: ಸೆ ಬೊಲ್ಬ್ಯೋ ಲೋಕೊ, 'ಹುಚ್ಚನಾದ'. ಕೊಂಚ ಹೊತ್ತು ಗಾಬರಿಯಾಗೋದು, ಮುಖ ಕೆಂಪಾಗೋದು, ಇಂಥವಕ್ಕೆ ಇದು ಬೇಡ, ಪೊನೇರ್ಸೆ ಬಳಸಿ. ಓದಿ ಡಾಕ್ಟರ್ ಆಗೋಕೆ ಅಸೇರ್ಸೆ.

ಹೊಸಪಾಠ:
ಎಲ್ಲರಿಗೂ ಧನ್ಯವಾದ. ಒಂದೇ ಒಂದು: 'ಅದನ್ನ ನನಗೆ ವಾಪಸು ಕೊಡು' ಅನ್ನೋಕೆ ಬಾಲಕ್ಕೆ ಎರಡು ಸರ್ವನಾಮ ಸೇರ್ತವಲ್ಲ, ಆಗ ಒತ್ತು ಮುಂದಕ್ಕೆ ಜಾರಿ ಧಾತು 'ಒ' ಆಗುತ್ತಾ?

ಸ್ವರಭಾರ:
ಇಲ್ಲ. ಸರ್ವನಾಮಗಳು ಒತ್ತನ್ನು ಎಳೆದುಕೊಳ್ಳಲ್ಲ. ದೆಬ್ವೇಲ್ಬೆ ಜೊತೆ ಮೆ, ಲೊ ಸೇರಿ ದೆಬ್ವೇಲ್ಬೆಮೆಲೊ. ಒತ್ತು ಇದ್ದಲ್ಲೇ ಇದೆ, ಆದ್ದರಿಂದ 'ವೇ' ಕೂಡ. ಬರೆಯುವಾಗ ಮಾತ್ರ ಆ ಸ್ವರದ ಇ ಅಕ್ಷರದ ತಲೆ ಮೇಲೆ ಓರೆ ಗೆರೆ ಕಡ್ಡಾಯ. ಬೇಡ ಅನ್ನುವಾಗ ಸರ್ವನಾಮಗಳು ಕ್ರಿಯಾಪದಕ್ಕೆ ಮೊದಲೇ ಬಂದು, ಕ್ರಿಯಾಪದ ಸಬ್‌ಜಂಕ್ಟಿವ್ ಆಗುತ್ತೆ: ನೋ ಮೆ ಲೊ ದೆಬ್ವೇಲ್ಬಸ್. ಅಲ್ಲಿ ಗೆರೆ ಬೇಕಿಲ್ಲ.