‘ಧರ್ಮಕ್ಕೆ ದಾನ’: ಉಯಿಲಿನಲ್ಲಿ ಹೀಗೆ ಬರೆಯಬಹುದೇ?

ಪ್ರಶ್ನೆ: ಕುಂಬಳೆಯ ಹಿರಿಯರೊಬ್ಬರ ಉಯಿಲಿನ ಕರಡಿನಲ್ಲಿ “ಸದರಿ ಎಂಟು ಸೆಂಟ್ಸ್ ಸ್ಥಳವನ್ನು ಧರ್ಮಕ್ಕೆ ದಾನ ಕೊಟ್ಟಿರುತ್ತೇನೆ” ಎಂದಿದೆ. ಆಧಾರ (ಇಲ್ಲಿ ದಸ್ತಾವೇಜಿಗೆ ಹೀಗೆನ್ನುತ್ತಾರೆ) ಬರೆಯುವವರು ಇದನ್ನು ‘ಒಸ್ಯತ್ತ್’ ಎನ್ನುತ್ತಾರೆ. ಒಸ್ಯತ್ತ್, ಉಯಿಲು, ಮರಣಶಾಸನ, ದಾನಪತ್ರ ಎಲ್ಲ ಒಂದೆಯೇ? ವಾಕ್ಯ ಸರಿಯೇ? ತಿಳಿದವರು ತಿಳಿಸಬೇಕು.

ಉತ್ತರ: ಮೊದಲ ಮೂರೂ ಒಂದೇ. ಒಸ್ಯತ್ತ್ ಅರಬ್ಬಿಯ ‘ವಸಿಯ್ಯತ್’ನಿಂದ ಬಂದದ್ದು, ಮಲಯಾಳದಲ್ಲಿ ಎಲ್ಲ ಮತದವರ ಉಯಿಲಿಗೂ ಬಳಕೆಯಲ್ಲಿದೆ. ದಾನಪತ್ರ ಬೇರೆ. ದಾನವೆಂದರೆ ಬದುಕಿರುವಾಗಲೇ ಬಿಟ್ಟುಕೊಡುವುದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 122ನೇ ಕಲಮಿನಂತೆ, ದಾನಿ ಬದುಕಿರುವಾಗಲೇ ಪಡೆಯುವವರು ಅದನ್ನು ಒಪ್ಪಿಕೊಂಡಿರಬೇಕು. ಸ್ಥಿರಾಸ್ತಿಯಾದರೆ ನೋಂದಣಿಯೂ ಕಡ್ಡಾಯ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಮನಸ್ಸು ಬದಲಾದರೆ ರದ್ದು ಮಾಡಲೂ ಬಹುದು. ಹಾಗಾಗಿ ‘ಕೊಟ್ಟಿರುತ್ತೇನೆ’ ಎಂಬ ಕ್ರಿಯಾಪದವೇ ತಕರಾರಿನ ಬೀಜ: ಇದು ಉಯಿಲಲ್ಲ, ನೋಂದಣಿಯಾಗದ ದಾನ, ಊರ್ಜಿತವಲ್ಲ ಎಂದು ವಾರಸುದಾರರು ವಾದಿಸಬಹುದು. ಹಳೆಯ ದಸ್ತಾವೇಜುಗಳ “ನನ್ನ ಕಾಲಾನಂತರ… ಸೇರತಕ್ಕದ್ದು” ಎಂಬ ಮಾತೇ ಭದ್ರ.

‘ಧರ್ಮಕ್ಕೆ’ ಎಂಬುದು ಅದಕ್ಕಿಂತಲೂ ಅಪಾಯದ ಪದ. ರಂಚೋಡ್‌ದಾಸ್–ಪಾರ್ವತೀಬಾಯಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಪೀಠ) 1899ರಲ್ಲೇ, ಬರಿದೆ ‘ಧರ್ಮ’ಕ್ಕೆ ಬಿಟ್ಟ ಆಸ್ತಿಯ ಏರ್ಪಾಡನ್ನು ಅಸ್ಪಷ್ಟವೆಂದು ತಳ್ಳಿಹಾಕಿತು. ದೇವರ ಸೇವೆ, ಅನ್ನದಾನ, ಕೆರೆ, ಶಾಲೆ ಎಲ್ಲವೂ ಧರ್ಮವೇ. ಯಾವುದನ್ನು ಜಾರಿ ಮಾಡಿಸುವುದೆಂದು ನ್ಯಾಯಾಲಯಕ್ಕೆ ತಿಳಿಯಬೇಕಲ್ಲ! ಹೀಗೆ ಬರೆಯಿರಿ: “ನನ್ನ ಕಾಲಾನಂತರ, … ಗ್ರಾಮದ ರೀಸರ್ವೆ ನಂಬ್ರ … ರಲ್ಲಿನ ಎಂಟು ಸೆಂಟ್ಸ್ ಸ್ಥಳವು, … ನಂಬ್ರದಲ್ಲಿ ನೋಂದಾಯಿತವಾದ … ಟ್ರಸ್ಟಿಗೆ, ಬಡಮಕ್ಕಳ ವಿದ್ಯಾಭ್ಯಾಸಕ್ಕಾಗಿ ಸೇರತಕ್ಕದ್ದು. ಆಗ ಆ ಟ್ರಸ್ಟ್ ಇಲ್ಲದಿದ್ದರೆ … ಸಂಸ್ಥೆಗೆ ಅದೇ ಉದ್ದೇಶಕ್ಕಾಗಿ ಸೇರತಕ್ಕದ್ದು.” ಊರವರು ಕರೆಯುವ ಹೆಸರು ಸಾಲದು. ಎಷ್ಟೋ ಭಜನಾ ಮಂದಿರ, ಯುವಕ ಸಂಘಗಳ ನೋಂದಾಯಿತ ಹೆಸರೇ ಬೇರೆ ಇರುತ್ತದೆ. ಪ್ರಮಾಣಪತ್ರ ತರಿಸಿ, ಅಕ್ಷರಶಃ ನಕಲು ಮಾಡಿ.

ಇನ್ನೊಂದು ಉತ್ತರ: ವಸಿಯ್ಯತ್ ಪದವನ್ನು ಮುಸ್ಲಿಮರ ಕಾನೂನಿನ ಅರ್ಥದಲ್ಲಿ ಬಳಸುವಾಗ ಒಂದು ಮಿತಿಯುಂಟು: ಅಂತ್ಯಕ್ರಿಯೆಯ ಖರ್ಚು, ಸಾಲ ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬಿಡಲು ವಾರಸುದಾರರ ಒಪ್ಪಿಗೆ ಬೇಕು. ಕ್ರೈಸ್ತರಿಗೆ ಧರ್ಮಕಾರ್ಯದ ಉಯಿಲಿನ ಮೇಲಿದ್ದ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 118ನೇ ಕಲಮಿನ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2003ರಲ್ಲಿ, ಕೇರಳದ ಜಾನ್ ವಲ್ಲಮಟ್ಟಂ ಪ್ರಕರಣದಲ್ಲಿ, ರದ್ದುಪಡಿಸಿದೆ. ಕರಡಿನ ಹಿರಿಯರು ಹಿಂದೂಗಳೋ ಕ್ರೈಸ್ತರೋ ಆಗಿದ್ದರೆ ಇಬ್ಬರು ಸಾಕ್ಷಿಗಳು ಬೇಕೇ ಬೇಕು, ಇಬ್ಬರೂ ಅವರ ಎದುರಲ್ಲೇ ಸಹಿ ಹಾಕಬೇಕು. ಆಸ್ತಿ ಪಡೆಯುವ ಟ್ರಸ್ಟಿನ ಪದಾಧಿಕಾರಿಗಳನ್ನು ಸಾಕ್ಷಿಗೆ ಕರೆಯದಿರುವುದು ಲೇಸು.