ಭರತನಾಟ್ಯದಿಂದ ಯೋಗ ಟೀಚಿಂಗ್ ಕಡೆ ಹೋದವರು ಯಾರಾದ್ರೂ ಇದೀರಾ?

ತಿಲ್ಲಾನ_ಶಿವಮೊಗ್ಗ:
ಎಲ್ಲರಿಗೂ ನಮಸ್ಕಾರ. ಚಿಕ್ಕ ವಯಸ್ಸಿಂದ ಭರತನಾಟ್ಯ ಮಾಡಿದೀನಿ, ವಿದ್ವತ್ ಪರೀಕ್ಷೆ ಆಗಿದೆ, ಮಕ್ಕಳಿಗೆ ಪಾಠನೂ ಮಾಡ್ತಿದ್ದೆ. ಎರಡನೇ ಡೆಲಿವರಿ ಆದ್ಮೇಲೆ ಬಲಮಂಡಿ ನೋವು ಶುರುವಾಗಿ ಈಗ ಒಂದು ವರ್ಣ (ಕಛೇರಿಯ ದೊಡ್ಡ ನೃತ್ಯ) ಪೂರ್ತಿ ಅರೆಮಂಡಿಯಲ್ಲಿ, ಅಂದ್ರೆ ಮಂಡಿ ಹೊರಗೆ ಬಗ್ಗಿಸಿ ಅರ್ಧ ಕೂತ ಹಾಗೆ, ನಿಂತು ಮಾಡೋಕೆ ಆಗ್ತಿಲ್ಲ, ಸ್ಟೇಜ್ ಹತ್ತೋದು ಬಹುತೇಕ ನಿಂತೇ ಹೋಗಿದೆ. ಪಕ್ಕದ ಬೀದಿಯ ಯೋಗ ಕ್ಲಾಸಿಗೆ ಹೋಗ್ತಿದೀನಿ, ತುಂಬಾ ಹಿಡಿಸಿದೆ. ಅಲ್ಲಿ ಎಲ್ರೂ "ನಿಮ್ಮ ಬಾಡಿ ಎಷ್ಟು ಫ್ಲೆಕ್ಸಿಬಲ್ ಮೇಡಂ, ನೀವೇ ಟೀಚರ್ ಆಗ್ಬಹುದು" ಅಂತಾರೆ. ನಿಜವಾಗ್ಲೂ ಅಷ್ಟು ಸುಲಭಾನಾ? ಯಾವ ಕೋರ್ಸ್ ಮಾಡ್ಬೇಕು? ಡ್ಯಾನ್ಸ್ ಕಲಿತಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತಾ ಇಲ್ಲಾ ಎಲ್ಲಾ ಮೊದಲಿಂದನಾ? ಮನೇಲಿ ಕೇಳಿದ್ರೆ ಸುಮ್ನೆ ನಗ್ತಾರೆ, ಅದಕ್ಕೇ ಇಲ್ಲಿ ಕೇಳ್ತಿದೀನಿ.

ಲಕ್ಷ್ಮೀಪುರಂ_ಅಕ್ಕ:
ನಾನೂ ಡ್ಯಾನ್ಸರ್ ಆಗಿದ್ದೋಳು, ಈಗ ಮೈಸೂರಲ್ಲಿ ಯೋಗ ಹೇಳ್ಕೊಡ್ತೀನಿ. ಒಂದು ಮಾತು ಖಂಡಿತವಾಗಿ ಹೇಳ್ತೀನಿ, ನಿಮ್ಮ ಫ್ಲೆಕ್ಸಿಬಿಲಿಟಿ ನೋಡಿ ಯಾರೋ ಟೀಚರ್ ಆಗಿ ಅಂದ್ರೆ ಅದನ್ನ ಅಷ್ಟಾಗಿ ಮನಸ್ಸಿಗೆ ಹಚ್ಕೋಬೇಡಿ. ನಿಮ್ಮ ಹತ್ರ ಇರೋ ದೊಡ್ಡ ಆಸ್ತಿ ಕಣ್ಣು. ಇಪ್ಪತ್ತು ಮಕ್ಕಳು ಒಟ್ಟಿಗೆ ತಟ್ಟಡವು ಹೆಜ್ಜೆ ಹಾಕ್ತಿರುವಾಗ ಮೂರನೇ ಸಾಲಲ್ಲಿ ಯಾವ ಹುಡುಗಿ ಮೊಣಕೈ ಇಳಿಸಿದಾಳೆ ಅಂತ ತಾಳ ತಟ್ತಾನೇ ಹಿಡೀತೀರಲ್ಲ, ಆ ಕಣ್ಣು ಯಾವ ಕೋರ್ಸಲ್ಲೂ ಇಷ್ಟು ಬೇಗ ಬರಲ್ಲ. ಆದ್ರೆ ಡ್ಯಾನ್ಸ್ ಕ್ಲಾಸಲ್ಲಿ ಆ ಕಣ್ಣು ಎಲ್ಲರನ್ನೂ ಒಂದೇ ಗೆರೆಗೆ ತರೋಕೆ, ಇಲ್ಲಿ ಒಬ್ಬೊಬ್ಬರಿಗೆ ಎಲ್ಲಿವರೆಗೆ ಸಾಕು ಅಂತ ನೋಡೋಕೆ. ಹದಿನೈದು ವರ್ಷ ಆಫೀಸ್ ಕುರ್ಚಿಯಲ್ಲಿ ಕೂತವರಿಗೆ ಸೊಂಟದ ಕೀಲು ತೆರೆಯೋದೇ ಇಲ್ಲ, ನೀವು ಸಲೀಸಾಗಿ ಪದ್ಮಾಸನ ಹಾಕಿ ತೋರಿಸಿದ್ರೆ ಅವರು ಮಂಡಿ ತಿರುಚಿಕೊಂಡಾದ್ರೂ ಹಾಗೇ ಕೂರೋಕೆ ನೋಡ್ತಾರೆ. ಅದಕ್ಕೇ ನಾನು ಡೆಮೋ ಕೊಡೋದೇ ಕಮ್ಮಿ.

ಇನ್ನೊಂದು ವಿಷಯ ಅಂದ್ರೆ ಉಸಿರು. ನಾಟ್ಯದಲ್ಲಿ ಎಷ್ಟೇ ಏದುಸಿರು ಬಂದ್ರೂ ಮುಖದಲ್ಲಿ ಕಾಣಿಸ್ಬಾರ್ದು ಅಂತ ಕಲಿಸಿರ್ತಾರೆ, ಎಷ್ಟೋ ಜನ ಜತಿ (ಚುರುಕು ಹೆಜ್ಜೆಗಳ ಒಂದು ಭಾಗ) ಮುಗಿಯೋವರೆಗೂ ಉಸಿರು ಹಿಡ್ಕೊಂಡೇ ಇರ್ತಾರೆ. ಸೂರ್ಯನಮಸ್ಕಾರದಲ್ಲಿ ಉಸಿರು ಮುಂದೆ ಮೈ ಹಿಂದೆ. ಇದನ್ನ ಮೈಗೆ ಒಗ್ಗಿಸ್ಕೊಳ್ಳೋಕೆ ಟೈಮ್ ಬೇಕು, ಗಡಿಬಿಡಿ ಮಾಡ್ಬೇಡಿ. ಮೈಸೂರಿಗೆ ಬಂದ್ರೆ ಬೆಳಗಿನ ಜಾವದ ಒಂದು ಅಷ್ಟಾಂಗ ಕ್ಲಾಸ್ ನೋಡಿ. ಯೋಗಗುರು ಪಟ್ಟಾಭಿ ಜೋಯಿಸರ ಪದ್ಧತಿ ಅದು, ಒಬ್ಬೊಬ್ಬರೂ ಅವರವರ ಉಸಿರಿನ ಲೆಕ್ಕದಲ್ಲಿ ಮಾಡ್ತಿರ್ತಾರೆ, ಟೀಚರ್ ನಡುವೆ ಓಡಾಡ್ಕೊಂಡು ಬೇಕಾದವರಿಗೆ ಮಾತ್ರ ಕೈ ಕೊಡ್ತಾರೆ.

ಫಿಸಿಯೋ_ಹುಬ್ಬಳ್ಳಿ:
ನೋಡ್ರಿ ಅಕ್ಕಾರ, ಮೊದಲ ಆ ಮಂಡಿ ತೋರಿಸ್ಕೊಂಡು ಬರ್ರಿ, ಕೋರ್ಸಿನ ಮಾತು ಆಮ್ಯಾಲೆ. ಅರೆಮಂಡಿ ಒಳಗ ಕಾಲು ಹೊರಗ ತಿರುಗೂದು ಸೊಂಟದ ಕೀಲಿನಿಂದ ಬರಬೇಕು, ಅಲ್ಲಿ ಸಾಲಲಿಲ್ಲಂದ್ರ ಪಾದಾನ ಹೆಚ್ಚಿಗಿ ತಿರುಗಿಸ್ತಾರ, ಆ ತಿರುವೆಲ್ಲಾ ಮಂಡಿಗೆ ಬೀಳ್ತದ. ಪದ್ಮಾಸನದಾಗೂ ಹಂಗ. ಇನ್ನ ಭಾಳ ಮಂದಿ ಡ್ಯಾನ್ಸರ್‌ಗೋಳಿಗೆ ಕೀಲು ಸಡಿಲ ಇರ್ತಾವು, ನಿಂತಾಗ ಮೊಣಕಾಲು ಹಿಂದಕ್ಕ ಬಾಗ್ತಾವು, ಆಸನದಾಗ ಸ್ನಾಯುವಿನ ಬಲ ಹಾಕೂದು ಬಿಟ್ಟು ಕೀಲಿನ ತುದಿಗೆ ಹೋಗಿ ಜೋತುಬೀಳ್ತಾರ. ನೋಡಾಕ ಚಂದ ಕಾಣ್ತದ, ಆದ್ರ ದಿನಾ ಪಶ್ಚಿಮೋತ್ತಾನಾಸನ (ಕಾಲು ಚಾಚಿ ಕುಂತು ಮುಂದಕ್ಕ ಬಾಗೂದು) ಪೂರ್ತಿ ಎಳದು ಎಳದು ಕೂಡೂ ಎಲುಬಿನ ಹತ್ರ ತೊಡಿ ಹಿಂದಿನ ಸ್ನಾಯು ನೋವು ತಂದ್ಕೊಂಡವರು ನಮ್ಮ ಕಡೆ ಬರ್ತಾರ. ನಿಮಗ ಬೇಕಾಗಿದ್ದು ಸ್ಟ್ರೆಚ್ ಅಲ್ರಿ, ಸ್ಟ್ರೆಂತ್. ಮೊಣಕಾಲು ಒಂದೀಟ ಸಡಿಲ ಬಿಟ್ಟು ನಿಂದ್ರೂದು ರೂಢಿ ಮಾಡ್ರಿ.

ಹಳೇ_ಫೋಟೋ:
ಮನೇಲಿ ನಗ್ತಾರೆ ಅಂದ್ರಲ್ಲ, ಅವರಿಗೆ ಇಂದ್ರಾದೇವಿ ಬಗ್ಗೆ ಹೇಳಿ. ಆಕೆಯ ಮೊದಲ ಹೆಸರು ಯೂಜೀನಿ ಪೀಟರ್ಸನ್, ರೀಗಾದಲ್ಲಿ 1899ರಲ್ಲಿ ಹುಟ್ಟಿದ್ದು, ಬರ್ಲಿನ್‌ನಲ್ಲಿ ನಾಟಕ ಕಂಪನಿಲಿ ನಟಿ, ಡ್ಯಾನ್ಸರ್ ಆಗಿದ್ದೋರು, 1927ರಲ್ಲಿ ಭಾರತಕ್ಕೆ ಬಂದ್ರು. ಮುಂದೆ ಮೈಸೂರಿಗೆ ಬಂದು ಟಿ. ಕೃಷ್ಣಮಾಚಾರ್ಯರ ಹತ್ರ ಯೋಗ ಕಲೀಬೇಕು ಅಂದಾಗ ಅವರು ಒಪ್ಪಲಿಲ್ಲ, ಕಡೆಗೆ ನಾಲ್ವಡಿಯವರು ಹೇಳಿದ್ಮೇಲೆ ಸೇರಿಸ್ಕೊಂಡ್ರು. ಊಟದಲ್ಲಿ, ದಿನಚರಿಲಿ ಭಾರಿ ಕಟ್ಟುನಿಟ್ಟು, ಆಕೆ ಎಲ್ಲಾ ಪಾಲಿಸಿದ್ರು. ಕಡೆಗೆ ಗುರುಗಳೇ ನೀನು ಹೋಗಿ ಕಲಿಸು ಅಂದ್ರು. 1939ರಲ್ಲಿ ಶಾಂಘೈ, ಆಮೇಲೆ ಹಾಲಿವುಡ್, ಎರಡೂ ಕಡೆ ಕ್ಲಾಸ್ ತೆಗೆದ್ರು, ನೂರು ದಾಟಿ ಬದುಕಿ 2002ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ತೀರ್ಕೊಂಡ್ರು. ಮೈಸೂರಿಗೆ ಬಂದಾಗ ಆಕೆಗೆ ನಲವತ್ತು ಹತ್ರ ಬಂದಿತ್ತು, ನಿಮಗೇನಮ್ಮ ವಯಸ್ಸಾಗಿರೋದು!

ಲಕ್ಷ್ಮೀಪುರಂ_ಅಕ್ಕ:
ಕೋರ್ಸ್ ಬಗ್ಗೆ ಹೇಳೋದೇ ಬಿಟ್ಟಿದ್ದೆ. ಆಯುಷ್ ಸಚಿವಾಲಯದ ಕೆಳಗೆ ಬರೋ ಯೋಗ ಸರ್ಟಿಫಿಕೇಶನ್ ಬೋರ್ಡ್ ಹಂತ ಹಂತವಾಗಿ ಪರೀಕ್ಷೆ ಮಾಡುತ್ತೆ, ಥಿಯರಿ ಪ್ರಾಕ್ಟಿಕಲ್ ಎರಡೂ ಇರುತ್ತೆ. ಇಲ್ಲಿ ಸ್ಕೂಲು, ಅಪಾರ್ಟ್‌ಮೆಂಟ್‌ಗಳಲ್ಲಿ ಕಲಿಸೋದಾದ್ರೆ ನಂಗೆ ಅದೇ ವಾಸಿ ಅನ್ಸುತ್ತೆ. ಫಾರಿನ್ನವರಿಗೆ ಕಲಿಸೋ ಆಸೆ ಇದ್ರೆ 200 ಗಂಟೆಯ ಯೋಗ ಅಲಯನ್ಸ್ ಕೋರ್ಸ್, ಅದು ಅಮೆರಿಕದ ಸಂಸ್ಥೆ, ಶಾಲೆಗಳನ್ನ, ಟೀಚರ್‌ಗಳನ್ನ ನೋಂದಾಯಿಸುತ್ತೆ ಅಷ್ಟೇ, ಹಾಗಾಗಿ ಒಂದು ಶಾಲೆಗೂ ಇನ್ನೊಂದಕ್ಕೂ ಅಜಗಜಾಂತರ ಇರುತ್ತೆ, ದುಡ್ಡು ಕಟ್ಟೋಕೆ ಮುಂಚೆ ಹೋಗಿ ಕೂತು ನೋಡಿ. ನಿಮಗೆ ಬೆಂಗಳೂರು ಹತ್ರ ಅಂದ್ರೆ ಜಿಗಣಿಯ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದಲ್ಲೂ ಟೀಚರ್ ಟ್ರೈನಿಂಗ್ ಇದೆ, ವಿಚಾರಿಸಿ.

ತಿಲ್ಲಾನ_ಶಿವಮೊಗ್ಗ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಂಡಿ ತೋರಿಸೋಕೆ ಈ ವಾರನೇ ಹೋಗ್ತೀನಿ. ಅಕ್ಕ, ಇನ್ನೊಂದೇ ಪ್ರಶ್ನೆ, ಕೋರ್ಸ್ ಮುಗಿದ ತಕ್ಷಣ ನನ್ ಹತ್ರ ಯಾರು ಬರ್ತಾರೆ?

ಲಕ್ಷ್ಮೀಪುರಂ_ಅಕ್ಕ:
ಡ್ಯಾನ್ಸ್ ಕ್ಲಾಸಿಗೆ ಮಕ್ಕಳನ್ನ ಬಿಡೋಕೆ ಬಂದು ಹೊರಗೆ ಕಟ್ಟೆ ಮೇಲೆ ಕೂತಿರೋ ಅಮ್ಮಂದಿರು ಇರ್ತಾರಲ್ಲ, ಅವರನ್ನೇ ಕೇಳಿ. ನಿಮ್ಮ ಪಾಠ ಹೇಗಿರುತ್ತೆ ಅಂತ ಅವರಿಗೆ ಆಗ್ಲೇ ಗೊತ್ತು. ಮೊದಲು ನಾಲ್ಕೈದು ಜನ ಸಾಕು, ಒಂದಿಷ್ಟು ಗಟ್ಟಿ ಕುರ್ಚಿ, ದಿಂಬು ಇಟ್ಕೊಳ್ಳಿ, ನೆಲದ ಮೇಲೆ ಕೂರೋಕಾಗದವರು ಅದರಲ್ಲಿ ಒಬ್ಬರಾದ್ರೂ ಇದ್ದೇ ಇರ್ತಾರೆ.